ಕಾಗದಪತ್ರ ಇರುವ ಊರು

ಬಿ.ಎ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದು ಕೆಲವು ವಾರ ಕಳೆದರೆ ನಮ್ಮ ವಿಭಾಗದ ಬಾಗಿಲಲ್ಲಿ ಯಾರಾದರೊಬ್ಬರು ಬಂದು ನಿಲ್ಲುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಮೊಬೈಲಿನಲ್ಲಿ ಎರಡು ವಿಶ್ವವಿದ್ಯಾಲಯಗಳ ಆಯ್ಕೆ ಪಟ್ಟಿ. "ಮೇಡಂ, ಎರಡೂ ಕಡೆ ಸೀಟಾಗೈತ್ರಿ. ಎಲ್ಲಿಗೆ ಹೋಗ್ಲಿ ಹೇಳ್ರಿ."

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ 26 ವರ್ಷಗಳಿಂದ ಇತಿಹಾಸ ಕಲಿಸುತ್ತಿದ್ದೇನೆ. ಮೊದಮೊದಲು ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುತ್ತಿದ್ದೆ: ಯಾವುದರ ಹೆಸರು ದೊಡ್ಡದೋ ಅಲ್ಲಿಗೆ ಹೋಗು. ಹಾಗೆ ಕಳಿಸಿದವರಲ್ಲಿ ಇಬ್ಬರು ಓದು ಬಿಟ್ಟು ಊರಿಗೆ ಬಂದರು. ಅವರಲ್ಲೊಬ್ಬಳು ನನ್ನ ತರಗತಿಯಲ್ಲಿ ಅಲ್ಲಿಯವರೆಗೆ ಕೂತವರಲ್ಲೇ ಎಲ್ಲರಿಗಿಂತ ಚುರುಕಿನ ಹುಡುಗಿ. ಅಂದಿನಿಂದ ಉತ್ತರ ಹೇಳುವ ಮೊದಲು ನಾನೇ ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. ಇತಿಹಾಸದ ಎಂ.ಎ. ಎಂದರೆ ಎರಡು ವರ್ಷ ಕಾಗದ, ಕಲ್ಲು, ತಾಳೆಗರಿ ಓದುವುದನ್ನು ಕಲಿಯುವ ಕೆಲಸ. ಆ ಕೆಲಸ ಎಲ್ಲಿ ನಡೆಯುತ್ತದೆ, ಯಾರ ಕೈಕೆಳಗೆ ನಡೆಯುತ್ತದೆ ಎಂಬುದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

1. ಮೊದಲು ಕೇಳಬೇಕಾದ್ದು, ದಾಖಲೆ ಎಲ್ಲಿದೆ ಎಂದು

1956ರ ನವೆಂಬರ್ 1ಕ್ಕೆ ಮೊದಲು ಕನ್ನಡನಾಡು ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿತ್ತು ಎಂದು ಶಾಲೆಯಲ್ಲೇ ಓದುತ್ತೇವೆ. ಅಂದು ನಾಡು ಒಂದಾಯಿತು, ಕಡತಗಳು ಒಂದಾಗಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಬ್ರಿಟಿಷ್ ಕಾಲದ ದಾಖಲೆ ಬೇಕಿದ್ದರೆ ಮುಂಬೈಯ ಪತ್ರಾಗಾರಕ್ಕೆ ಹೋಗಬೇಕು. ಬಳ್ಳಾರಿ, ಮಂಗಳೂರಿನ ದಾಖಲೆಗೆ ಚೆನ್ನೈಯ ಎಗ್ಮೋರ್. ಉತ್ತರ ಕನ್ನಡದವರಿಗೆ ಎರಡು ದಾರಿ: 1862ರವರೆಗೆ ಮದ್ರಾಸು, ಆಮೇಲೆ ಮುಂಬೈ. ರಾಯಚೂರು, ಕಲಬುರಗಿ, ಬೀದರ್, ನಮ್ಮ ಕೊಪ್ಪಳ ನಿಜಾಮರ ಸೀಮೆ, ಆದ್ದರಿಂದ ಹೈದರಾಬಾದಿನ ತಾರ್ನಾಕಾ. ಹಳೆ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಹತ್ತಿರದಲ್ಲೇ ಇದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನಿಗೆ ಧಾರವಾಡದಲ್ಲೂ ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲೂ ಸೀಟಾಗಿತ್ತು. ಅವನ ತಲೆಯಲ್ಲಿ ಕೂತದ್ದು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯನ ಬಂಡಾಯ. ಭೀಮರಾಯ ಮಡಿದದ್ದು ಕೊಪ್ಪಳದ ಕೋಟೆಯಲ್ಲಿ. ಆ ಕೋಟೆಯ ಬುಡದಲ್ಲೇ ಆಡಿ ಬೆಳೆದ ಹುಡುಗ ಇವನು. ಒಂದು ಹಾಳೆ ತೆಗೆದು ನಕ್ಷೆ ಬರೆಯಲು ಹೇಳಿದೆ. ಮುಂಡರಗಿ, ಡಂಬಳ ಆಗ ಮುಂಬೈ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆ. ಕೊಪ್ಪಳ ನಿಜಾಮರ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರು. ತುಂಗಭದ್ರೆ ದಾಟಿದರೆ ಮದ್ರಾಸಿನ ಬಳ್ಳಾರಿ ಜಿಲ್ಲೆ. ಒಂದೇ ದಿನದಲ್ಲಿ ಕುದುರೆ ಮೇಲೆ ಓಡಾಡಬಹುದಾದ ನೆಲದ ಕಥೆ ಮೂರು ಊರಿನ ಪತ್ರಾಗಾರಗಳಲ್ಲಿ, ಮೂರು ಬಗೆಯ ಕಾಗದಗಳಲ್ಲಿ ಕೂತಿದೆ. ಮುಂಬೈ ಕಡೆಯದು ಇಂಗ್ಲಿಷು ಮತ್ತು ಮೋಡಿ ಅಕ್ಷರದ ಮರಾಠಿ. ಹೈದರಾಬಾದಿನದು ಫಾರಸಿ, 19ನೇ ಶತಮಾನದ ಕೊನೆಗೆ ಉರ್ದು. ಇಂಗ್ಲಿಷರ ಕಾಗದ ನೋಡಿದವರು ಬಹಳ ಮಂದಿ. ನಿಜಾಮರ ಕಡೆಯ ಕಾಗದ ಮುಟ್ಟಿದ ಕನ್ನಡಿಗರು ಕಡಿಮೆ. ಹುಡುಗ ಹಾಳೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತ. "ಹಂಗಾದ್ರ ಫಾರಸಿ ಕಲೀಬೇಕಾಗ್ತದಲ್ರೀ ಮೇಡಂ" ಎಂದ. ಅವನ ತೀರ್ಮಾನ ಅಲ್ಲೇ ಆಗಿಹೋಯಿತು.

ಬೇರೆ ಕುತೂಹಲಕ್ಕೆ ಬೇರೆ ಊರು. ಶಾಸನ ಓದಬೇಕೆನ್ನುವವರಿಗೆ ನಾನು ಮೈಸೂರು ಹೇಳುತ್ತೇನೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆ ಅಲ್ಲಿದೆ. ದಕ್ಷಿಣದ ಊರೂರಿನ ಕಲ್ಲುಗಳ ಪಡಿಯಚ್ಚು ಅಲ್ಲಿ ಸಂಗ್ರಹವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರ ಜಗತ್ತಿಗೆ ಮತ್ತೆ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. 1905ರಲ್ಲಿ ಅಲ್ಲಿಗೆ ಬಂದ ಗ್ರಂಥ ಲಿಪಿಯ ತಾಳೆಗರಿ ಕಟ್ಟನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳಿಗೆ ನಾನು ಒತ್ತಿ ಹೇಳುವುದು ಗರಿಯೂ ಆ ಲಿಪಿ ಓದಬಲ್ಲ ಕಣ್ಣೂ ಒಂದೇ ಕಟ್ಟಡದಲ್ಲಿದ್ದವು ಎಂಬ ಮಾತನ್ನು. ಇನ್ನು ಶಿಲಾಯುಗದ ಹುಚ್ಚು ಹಿಡಿದವರಿದ್ದರೆ ಪುಣೆಯ ಡೆಕ್ಕನ್ ಕಾಲೇಜು. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ, ಇಸಾಂಪುರದ ಕಲ್ಲಿನ ಆಯುಧಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೆ. ಪದ್ದಯ್ಯನವರು ಅಲ್ಲಿಯವರು.

21 ವರ್ಷದ ಮಗುವಿಗೆ ಸಂಶೋಧನೆಯ ಪ್ರಶ್ನೆ ಎಲ್ಲಿಂದ ಬರಬೇಕು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶ್ನೆ ಇರಬೇಕಿಲ್ಲ, ಕುತೂಹಲ ಸಾಕು. ಹೊಲದ ಬದುವಿನಲ್ಲಿರುವ ವೀರಗಲ್ಲು, ಅಜ್ಜಿ ಹೇಳುತ್ತಿದ್ದ ರಜಾಕಾರರ ಕಾಲದ ಕಥೆ, ಗವಿಮಠದ ಬಂಡೆಯ ಮೇಲಿನ ಅಶೋಕನ ಅಕ್ಷರ, ಯಾವುದೋ ಒಂದು ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅದನ್ನು ಹೊರಗೆ ತರಿಸಲು ನನಗೆ ಅರ್ಧ ಗಂಟೆ ಸಾಕಾಗುತ್ತದೆ.

2. ಬೋರ್ಡಿನ ಮೇಲಿನ ಹೆಸರನ್ನು ಪೂರ್ತಿ ಓದಬೇಕು

ಮೈಸೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸ ವಿಭಾಗ ಒಂದು, ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಇನ್ನೊಂದು. ಧಾರವಾಡದಲ್ಲೂ ಹಾಗೆಯೇ: ಇತಿಹಾಸ ಮತ್ತು ಪುರಾತತ್ವ ಒಂದು, ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ಬೇರೊಂದು. ಅರ್ಜಿ ತುಂಬುವ ಅವಸರದಲ್ಲಿ ಮಕ್ಕಳಿಗೆ ಇವೆಲ್ಲ ಒಂದೇ ಆಗಿ ಕಾಣುತ್ತವೆ. ಸ್ವಾತಂತ್ರ್ಯ ಚಳವಳಿ ಓದಬೇಕೆಂದು ಹೋದವನು ಮೌರ್ಯರ ನಾಣ್ಯ ಎಣಿಸುತ್ತ ಕೂತ ಉದಾಹರಣೆ ನನ್ನ ಕಣ್ಣೆದುರಿಗಿದೆ. ಅವನಿಗೆ ಅದೇ ಹಿಡಿಸಿತು, ಅದು ಅವನ ಪುಣ್ಯ. ಎಲ್ಲರಿಗೂ ಹಾಗಾಗುವುದಿಲ್ಲ.

ಇದರ ಬಿಸಿ ಮುಂದೆ ತಟ್ಟುತ್ತದೆ. ಎನ್‌ಇಟಿ ಪರೀಕ್ಷೆಯಲ್ಲಿ ಇತಿಹಾಸ ಮತ್ತು ಪುರಾತತ್ವ ಬೇರೆಬೇರೆ ವಿಷಯಗಳು. ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ ಉಪನ್ಯಾಸಕ ಹುದ್ದೆಯ ದಾಖಲೆ ಪರಿಶೀಲನೆಗೆ ಹೋದಾಗ ಅವಳ ಪದವಿ ಇತಿಹಾಸಕ್ಕೆ ತತ್ಸಮಾನವೇ ಎಂಬ ತಕರಾರು ಎದ್ದಿತು. ವಿಶ್ವವಿದ್ಯಾಲಯದಿಂದ ಪತ್ರ ತರಲು ಅವಳು ಅಲೆದದ್ದನ್ನು ನೋಡಿದ ಮೇಲೆ, ಸೇರುವ ಮೊದಲೇ ಆ ವಿಭಾಗದ ಹಳೆಯ ವಿದ್ಯಾರ್ಥಿಗಳು ಯಾವ್ಯಾವ ಹುದ್ದೆಗಳಲ್ಲಿದ್ದಾರೆ ಎಂದು ವಿಚಾರಿಸಿ ಬರಲು ಎಲ್ಲರಿಗೂ ಹೇಳುತ್ತೇನೆ.

3. ಕೆಂಪು ಶಾಯಿ ಹುಡುಕಿ

ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದನ್ನು ಆರಿಸಲು ನನಗೆ ಗೊತ್ತಿರುವ ಅತ್ಯಂತ ಖಚಿತ ಪರೀಕ್ಷೆ ಇದು. ಆ ವಿಭಾಗದ ಸೀನಿಯರ್ ಒಬ್ಬರನ್ನು ಹಿಡಿದು, ಅವರು ಬರೆದು ಕೊಟ್ಟು ವಾಪಸ್ ಬಂದ ಒಂದು ಸೆಮಿನಾರ್ ಪ್ರಬಂಧ ತೋರಿಸಲು ಕೇಳಬೇಕು. ಅಂಚಿನಲ್ಲಿ ಮೇಷ್ಟರ ಬರಹ ಇದೆಯೇ? "ಇದಕ್ಕೆ ಆಧಾರ ಯಾವುದು?", "ಈ ಶಾಸನದ ಪಾಠ ನೀನೇ ನೋಡಿದ್ದೀಯೋ?", "ಈ ವಾದವನ್ನು ಒಪ್ಪದವರು ಏನನ್ನುತ್ತಾರೆ?" ಇಂಥ ಮಾತುಗಳಿದ್ದರೆ ಕಣ್ಣು ಮುಚ್ಚಿಕೊಂಡು ಅಲ್ಲಿಗೆ ಹೋಗಿ. ಮೊದಲ ಪುಟದಲ್ಲಿ ಅಂಕ, ಕೊನೆಯ ಪುಟದಲ್ಲಿ ಸಹಿ, ನಡುವೆ ಬರೀ ಬಿಳಿ ಅಂಚು ಇದ್ದರೆ, ಅಥವಾ ಪ್ರಬಂಧ ವಾಪಸ್ಸೇ ಬಂದಿಲ್ಲವೆಂದರೆ, ಇನ್ನೊಮ್ಮೆ ಯೋಚಿಸಿ.

ನಾನು ಎಂ.ಎ. ಓದಿದ್ದು ತೊಂಬತ್ತರ ದಶಕದಲ್ಲಿ. ನನ್ನ ಮೊದಲ ಪ್ರಬಂಧದಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಮೇಲೆ ಇದ್ದಬದ್ದ ಹೊಗಳಿಕೆಯೆಲ್ಲ ಸುರಿದಿದ್ದೆ. ನನ್ನ ಗುರುಗಳು ಅದರಲ್ಲಿ 11 ಕಡೆ ಒಂದೇ ಪದ ಬರೆದಿದ್ದರು: "ಯಾರಂದರು?" ಬಿಲ್ಹಣ ಹೇಳಿದನೋ, ಶಾಸನ ಹೇಳಿತೋ, 20ನೇ ಶತಮಾನದ ಪುಸ್ತಕ ಹೇಳಿತೋ ಎಂಬುದನ್ನು ನಾನು ಬೇರೆ ಮಾಡಿರಲೇ ಇಲ್ಲ. ಆಸ್ಥಾನ ಕವಿ ತನ್ನ ದೊರೆಯನ್ನು ಹೊಗಳುವುದಕ್ಕೂ ಅಗ್ರಹಾರಕ್ಕೆ ಭೂಮಿ ಬಿಟ್ಟದ್ದನ್ನು ಕಲ್ಲಿನಲ್ಲಿ ಕೊರೆಸುವುದಕ್ಕೂ ಇರುವ ಅಂತರ ನನಗೆ ತಿಳಿದದ್ದು ಆ 11 ಟಿಪ್ಪಣಿಗಳಿಂದ. ಆ ಪ್ರಬಂಧ ಈಗಲೂ ನನ್ನ ಬೀರುವಿನಲ್ಲಿದೆ. ಇವತ್ತು ನನ್ನ ವಿದ್ಯಾರ್ಥಿಗಳ ಹಾಳೆಗಳ ಮೇಲೆ ನಾನು ಬರೆಯುವುದೂ ಅದೇ ಪದವನ್ನು.

4. ದೊಡ್ಡ ಹೆಸರು ಯಾವ ಕಾಲದ್ದು ಎಂದು ನೋಡಿ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರ ಎಂದ ಕೂಡಲೇ ರೊಮಿಲಾ ಥಾಪರ್, ಬಿಪನ್ ಚಂದ್ರ, ಸತೀಶ್ ಚಂದ್ರ, ಎಸ್. ಗೋಪಾಲ್ ನೆನಪಾಗುತ್ತಾರೆ. ಮೈಸೂರು ಎಂದರೆ ಚಂದ್ರವಳ್ಳಿಯನ್ನು ಅಗೆಸಿದ, ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣ. ಧಾರವಾಡ ಎಂದರೆ ಪಿ.ಬಿ. ದೇಸಾಯಿ, ಷ. ಶೆಟ್ಟರ್. ಈ ಹೆಸರುಗಳನ್ನು ಕೇಳಿ ಮೈ ನವಿರೇಳುವುದು ಸಹಜ, ನನಗೂ ಹಾಗೇ ಆಗುತ್ತದೆ. ಆದರೆ ಬರುವ ಸೋಮವಾರ ಹತ್ತೂವರೆಗೆ ತರಗತಿಗೆ ಬರುವವರು ಅವರಲ್ಲ. ಈಗ ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಎಂದು ಕೇಳಿ.

ಅತಿಥಿ ಉಪನ್ಯಾಸಕರಲ್ಲಿ ಅದ್ಭುತವಾಗಿ ಕಲಿಸುವವರಿದ್ದಾರೆ. ಅವರ ದುಡಿಮೆಯ ಮೇಲೆ ನಮ್ಮ ಎಷ್ಟೋ ವಿಭಾಗಗಳು ನಿಂತಿವೆ. ಕಷ್ಟ ಏನೆಂದರೆ, ಮುಂದಿನ ಸೆಮಿಸ್ಟರಿಗೆ ಅವರು ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಅವರ ಮೇಲೆ ಭರವಸೆ ಇಟ್ಟು ಕಿರು ಸಂಶೋಧನೆ ಶುರು ಮಾಡಿದ ಮಕ್ಕಳು ನಡುನೀರಿನಲ್ಲಿ ನಿಲ್ಲುತ್ತಾರೆ. ಹಾಗೆಯೇ, ಮುದ್ರಿತ ಪಠ್ಯಕ್ರಮದಲ್ಲಿ ಹತ್ತು ಐಚ್ಛಿಕ ಪತ್ರಿಕೆಗಳಿದ್ದರೂ ಕಳೆದ ವರ್ಷ ನಿಜವಾಗಿ ಪಾಠ ನಡೆದದ್ದು ಯಾವ ಎರಡು ಮೂರಕ್ಕೆ ಎಂಬುದನ್ನೂ ಕೇಳಬೇಕು.

5. ಕನ್ನಡ ಮಾಧ್ಯಮದವರು ಹೆದರಬೇಡಿ, ತಯಾರಿ ಬಿಡಬೇಡಿ

ಓದು ಬಿಟ್ಟು ವಾಪಸ್ ಬಂದಳು ಎಂದೆನಲ್ಲ, ಅವಳ ಕಥೆ ಇಲ್ಲಿಗೆ ಸೇರುತ್ತದೆ. ಕುಷ್ಟಗಿ ಕಡೆಯ ರೈತರ ಮಗಳು. ದೂರದ ಒಂದು ವಿಶ್ವವಿದ್ಯಾಲಯಕ್ಕೆ ಅವಳನ್ನು ಒತ್ತಾಯಿಸಿ ಕಳಿಸಿದವಳು ನಾನು. ವಾರಕ್ಕೆ 200 ಪುಟ ಇಂಗ್ಲಿಷ್ ಓದು, ತರಗತಿಯಲ್ಲಿ ಚರ್ಚೆ, ಸುತ್ತ ಎಲ್ಲರೂ ಹರಳು ಹುರಿದಂತೆ ಮಾತಾಡುವವರು. ನಾಲ್ಕು ತಿಂಗಳು ಬಾಯಿ ತೆರೆಯದೆ ಕೂತು, ದೀಪಾವಳಿಗೆ ಬಂದವಳು ಮತ್ತೆ ಹೋಗಲಿಲ್ಲ. ನಾನು ಅವಳ ಜಾಣತನ ನೋಡಿದ್ದೆ, ಅವಳು ಎದುರಿಸಬೇಕಾದ ಆ ನಾಲ್ಕು ತಿಂಗಳನ್ನು ನೋಡಿರಲಿಲ್ಲ. ತಪ್ಪು ನನ್ನದು.

ಈಗ ಅಂಥವರನ್ನು ಕಳಿಸುವ ಮೊದಲು ರಜೆಯ ಎರಡು ತಿಂಗಳು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ದಿನಕ್ಕೆ ಐದು ಪುಟ ಓದಿಸುತ್ತೇನೆ. ಓದಿದ್ದರ ಸಾರವನ್ನು ಕನ್ನಡದಲ್ಲೇ ಬರೆಸುತ್ತೇನೆ, ಆಮೇಲೆ ಇಂಗ್ಲಿಷಿನಲ್ಲಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶ ಇದೆ, ಕೆ-ಸೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಮನಸ್ಸು ಅಳುಕಿದರೆ ಆ ದಾರಿ ಹಿಡಿಯುವುದರಲ್ಲಿ ಯಾವ ಕೀಳೂ ಇಲ್ಲ. 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧನೆಯೇ ಕನ್ನಡದಲ್ಲಿ ನಡೆಯುತ್ತದೆ.

ಹೊರಗೆ ಹೋಗುವವರಿಗೆ ಇನ್ನೊಂದು ಮಾತು ಹೇಳುತ್ತೇನೆ. ಅಲ್ಲಿ ಇಂಗ್ಲಿಷ್ ಬಲ್ಲವರು ನೂರು ಜನ ಸಿಗುತ್ತಾರೆ, ಹಳಗನ್ನಡದ ಶಾಸನವನ್ನೋ ಊರಿನ ಚರಿತ್ರೆ ಹೇಳುವ ಕೈಫಿಯತ್ತನ್ನೋ ಮೂಲದಲ್ಲಿ ಓದಬಲ್ಲವರು ಒಬ್ಬರೋ ಇಬ್ಬರೋ. ಕಂಪನಿ ಕಾಲದ ಸರ್ವೇಯರ್ ಮೆಕೆಂಜಿ ಊರೂರಿಂದ ಸಂಗ್ರಹಿಸಿದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಕೊಟ್ಟಿದ್ದಾರೆ. ಆ ಸಂಪುಟದಿಂದ ನಿಮ್ಮ ಸೀಮೆಯ ಒಂದು ಕೈಫಿಯತ್ತನ್ನು ಪೂರ್ತಿ ಓದಿ ಅರ್ಥ ಮಾಡಿಕೊಂಡು ಹೋಗಿ. ಮೊದಲ ಸೆಮಿನಾರಿಗೆ ಅದನ್ನೇ ಮುಂದಿಡಿ.

6. ಲೈಬ್ರರಿಗೆ ಮಧ್ಯಾಹ್ನ ನಾಲ್ಕಕ್ಕೆ ಹೋಗಿ

ಬೆಳಿಗ್ಗೆ ಎಲ್ಲ ಲೈಬ್ರರಿಗಳೂ ಚೆನ್ನಾಗಿ ಕಾಣುತ್ತವೆ. ನಾಲ್ಕರ ಹೊತ್ತಿಗೆ ಎಷ್ಟು ಜನ ಓದುತ್ತ ಕೂತಿದ್ದಾರೆ, ಅವರ ಮುಂದೆ ಬರೀ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಇದೆಯೋ ಬೇರೆ ಪುಸ್ತಕವೂ ಇದೆಯೋ ನೋಡಿ. ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ಸಂಪುಟ ಕೇಳಿ ನೋಡಿ. ರೈಸ್ ಅವರು ಸಂಪಾದಿಸಿದ ಹಳೆಯದಾಗಲಿ, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದದ್ದಾಗಲಿ. ಕೈಗೆ ಬಂದರೆ ಸರಿ. ಬೀರುವಿನ ಕೀಲಿ ಇರುವವರು ರಜೆ ಎಂಬ ಉತ್ತರ ಬಂದರೆ ಅದನ್ನೂ ಬರೆದುಕೊಳ್ಳಿ. ಎರಡು ವರ್ಷವೂ ಅದೇ ಉತ್ತರ ಕೇಳಬೇಕಾದೀತು.

7. ಸೀಟಿನ ಜೊತೆ ಹಾಸ್ಟೆಲೂ ಸಿಕ್ಕಿದೆಯೇ?

ಪ್ರವೇಶ ಶುಲ್ಕ ನೋಡಿ ಲೆಕ್ಕ ಹಾಕುವವರು ಮೋಸ ಹೋಗುತ್ತಾರೆ. ಕೇಂದ್ರೀಯ ವಿಶ್ವವಿದ್ಯಾಲಯದ ಶುಲ್ಕ ಕಡಿಮೆ ಇದ್ದೀತು. ಆದರೆ ಮೊದಲ ಸೆಮಿಸ್ಟರಿಗೆ ಹಾಸ್ಟೆಲ್ ಸಿಗದಿದ್ದರೆ ದೆಹಲಿಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಬಾಡಿಗೆ ಕೋಣೆಯ ಅಡ್ವಾನ್ಸೇ ವರ್ಷದ ಫೀಸನ್ನು ಮೀರುತ್ತದೆ. ರಾಜ್ಯದ ಹೊರಗೆ ಹೋದರೆ ಈಗ ಬರುತ್ತಿರುವ ವಿದ್ಯಾರ್ಥಿವೇತನ ಮುಂದುವರಿಯುತ್ತದೋ ಇಲ್ಲವೋ ಎಂದು ತಾಲೂಕಿನ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ಕೇಳಿಯೇ ಬರಬೇಕು. ಊರಿಗೆ ಬರುವ ದಾರಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಕೊಪ್ಪಳದಿಂದ ಮೈಸೂರಿಗೆ ಹಂಪಿ ಎಕ್ಸ್‌ಪ್ರೆಸ್ ನೇರ ಇದೆ, ಧಾರವಾಡಕ್ಕೆ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ಬಿತ್ತನೆಗೋ ಕೊಯ್ಲಿಗೋ ಮನೆಗೆ ಬರಲೇಬೇಕಾದ ಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ. ಮನೆಯ ಹತ್ತಿರವೇ ಇರಬೇಕಾದವರಿಗೆ ಬಳ್ಳಾರಿಯಲ್ಲಿ 2010ರಿಂದ ವಿಶ್ವವಿದ್ಯಾಲಯ ಇದೆ, ಕಲಬುರಗಿ ಬಳಿಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ.

8. ಮೂಲ ಅಂಕಪಟ್ಟಿ ಕೈಯಲ್ಲಿರಲಿ

ಮೊದಲ ಪಟ್ಟಿಯಲ್ಲಿ ಒಂದು ಕಡೆ ಸೀಟಾಗಿ ಫೀಸು ಕಟ್ಟಿರುತ್ತಾರೆ, ಮೂರು ವಾರದ ಮೇಲೆ ಆಸೆಪಟ್ಟ ಕಡೆ ಎರಡನೇ ಪಟ್ಟಿ ಬರುತ್ತದೆ. ಆಗ ಶುಲ್ಕ ವಾಪಸ್ ಬರುವುದಿಲ್ಲ, ಮೂಲ ಪತ್ರ ಕೊಡುವುದಿಲ್ಲ ಎನ್ನುವವರಿದ್ದಾರೆ. ಪರಿಶೀಲನೆ ಮುಗಿದ ಮೇಲೆ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ, ನಿಗದಿತ ಗಡುವಿನೊಳಗೆ ಪ್ರವೇಶ ರದ್ದು ಮಾಡಿದರೆ ಶುಲ್ಕ ಹಿಂದಿರುಗಿಸಬೇಕು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿ ಫೈಲಿನಲ್ಲಿರಲಿ. ಮಾತು ಬೆಳೆಸಬೇಡಿ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

9. ಅಪ್ಪನ ಪ್ರಶ್ನೆಗೆ ನಿಜ ಹೇಳಿ

ಹೆಣ್ಣುಮಕ್ಕಳು ದೂರದ ಸೀಟು ಒಪ್ಪಿಕೊಳ್ಳಬೇಕಾದಾಗ ಬಹಳ ಸಲ ನಾನೇ ಅವರ ಮನೆಗೆ ಹೋಗಿದ್ದೇನೆ. ಚಹಾ ಕೊಟ್ಟು, ಹೊಲ ಮಳೆ ಮಾತಾಡಿ, ಕೊನೆಗೆ ಅಪ್ಪ ಕೇಳುವುದು ಒಂದೇ: "ಇದನ್ನ ಓದಿದ ಮ್ಯಾಲ ಏನ್ರೀ ಮೇಡಂ?" ಅವರಿಗೆ ನಾನು ಬಣ್ಣದ ಮಾತು ಹೇಳುವುದಿಲ್ಲ. ಪಿಯು ಉಪನ್ಯಾಸಕರಾಗಲು ಎಂ.ಎ. ಜೊತೆ ಬಿ.ಎಡ್. ಬೇಕು. ಪದವಿ ಕಾಲೇಜಿಗೆ ಎನ್‌ಇಟಿ ಇಲ್ಲವೇ ಕೆ-ಸೆಟ್ ಬೇಕು, ಅದಾದ ಮೇಲೂ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾದೀತು. ಪತ್ರಾಗಾರ, ವಸ್ತುಸಂಗ್ರಹಾಲಯ, ಪುರಾತತ್ವ ಇಲಾಖೆಯಲ್ಲಿ ಹುದ್ದೆ ಕೆಲವೇ ಕೆಲವು. ಕೆಎಎಸ್ ಬರೆಯುವವರಿಗೆ ಈ ಓದು ನೆರವಾಗುತ್ತದೆ. ಇಷ್ಟು ಹೇಳಿ, ನಿಮ್ಮ ಮಗಳು ಏನನ್ನು ಓದಿದರೂ ಮೊದಲು ಆಧಾರ ಕೇಳುತ್ತಾಳೆ, ಅಂಥವಳಿಗೆ ಈ ವಿಷಯ ಒಗ್ಗುತ್ತದೆ ಎನ್ನುತ್ತೇನೆ. ನಿಜ ಕೇಳಿದ ಅಪ್ಪಂದಿರು ಬಹುಪಾಲು ಒಪ್ಪಿದ್ದಾರೆ. ಹಾಸ್ಟೆಲ್ ವಾರ್ಡನ್ನರ ನಂಬರು ಮಾತ್ರ ಎಲ್ಲರೂ ಬರೆಸಿಕೊಂಡಿದ್ದಾರೆ.

ಕೋಟೆ ಬುಡದ ಆ ಹುಡುಗ ಈಗ ಹೈದರಾಬಾದಿನಲ್ಲೇ ಪಿಎಚ್.ಡಿ. ಮಾಡುತ್ತಿದ್ದಾನೆ. ಫಾರಸಿಯನ್ನು ಸಂಜೆ ತರಗತಿಗೆ ಹೋಗಿ ಕಲಿತ. ಕಳೆದ ತಿಂಗಳು ಒಂದು ರಾತ್ರಿ ಮೊಬೈಲಿಗೆ ಚಿತ್ರ ಕಳಿಸಿದ. ತಾರ್ನಾಕಾದಲ್ಲಿ ನೋಡಿದ ಕಾಗದದ ಒಂದು ಸಾಲನ್ನು ನೋಟುಬುಕ್ಕಿನಲ್ಲಿ ಕೈಯಿಂದ ನಕಲು ಮಾಡಿದ್ದಾನೆ. ಒಂದು ಪದದ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಇದು ಕೊಪ್ಪಳ ಅಂತ ಐತ್ರಿ ಮೇಡಂ, ಪಕ್ಕದ್ದು ಊರಿನ ಹೆಸರೋ ಮನುಷ್ಯಾರ ಹೆಸರೋ ತಿಳೀವಲ್ದು" ಎಂದು ಬರೆದಿದ್ದ. ನನಗೆ ಫಾರಸಿ ಬರುವುದಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಉರ್ದು ವಿಭಾಗದ ಸರ್ ಅವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಚುಕ್ಕೆ ಎರಡೋ ಮೂರೋ ಕೇಳಿ ಮೇಡಂ" ಎಂದರು. ಕೇಳಿದೆ. ಅವನು ಮತ್ತೆ ಕಾಗದ ತರಿಸಿ ನೋಡಲು ಹೋಗಿದ್ದಾನೆ.